ಅಮಾವಾಸ್ಯೆಯ ನೀರು

ಎಲ್ಲರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಮಣ್ಣಿಗೆ ಬಂದವರು ಕೇಳಿದರು, ಪೊಲೀಸರು ಕೇಳಿದರು, ಕೊನೆಗೆ ಹಾಲು ಹಾಕುವವಳೂ ಕೇಳಿದಳು.

"ಆ ನೀರ ಮಾಡಿದಾಕಿ ನೀನ ಅಲ್ಲೇನವಾ? ಮನ್ಯಾಗ ಗಂಡಗ ಒಂದ ಮಾತ ಹೇಳಿರಲಿಲ್ಲೇನ?"

ನೀಲಾಂಬಿಕಾ ಮೊದಮೊದಲು ಉತ್ತರ ಕೊಡುತ್ತಿದ್ದಳು. ಆಮೇಲೆ ಬಿಟ್ಟಳು. ಕೇಳಿದವರ ಮುಖವನ್ನು ಗೋಡೆ ನೋಡಿದ ಹಾಗೆ ನೋಡಿ ಒಳಗೆ ಹೋಗುತ್ತಿದ್ದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ ಎಂಬುದನ್ನೂ ಓಣಿಯವರು ಗಮನಿಸಿದ್ದರು.

ಹುಬ್ಬಳ್ಳಿಯಲ್ಲಿ ರಾತ್ರಿಯ ಕರೆಂಟು ನಿಂತು ಆರು ವರ್ಷವಾಗಿತ್ತು. ಕಲ್ಲಿದ್ದಲಿನ ಸ್ಥಾವರಗಳು ಮುಚ್ಚಿದ ಮೇಲೆ ತಂತಿಯಲ್ಲಿ ಹರಿಯುತ್ತಿದ್ದದ್ದು ಬಿಸಿಲಿನ ಕರೆಂಟು ಮಾತ್ರ. ಹೊತ್ತು ಮುಳುಗಿದರೆ ತಂತಿ ಸತ್ತ ಹಾಗೆ. ಹಗಲು ಹಿಡಿದಿಟ್ಟದ್ದನ್ನು ರಾತ್ರಿ ಉಣ್ಣಬೇಕು. ಮೊದಲು ಮನೆಮನೆಗೆ ಲಿಥಿಯಂ ಪೆಟ್ಟಿಗೆಗಳು ಬಂದವು. ಒಂದು ಕೆಟ್ಟ ಬೇಸಿಗೆಯಲ್ಲಿ ಸಾಲು ಸಾಲು ಮನೆಗಳು ಹೊತ್ತಿ ಉರಿದವು, ಸರ್ಕಾರ ಅವನ್ನು ಮನೆಯೊಳಗೆ ಇಡಕೂಡದು ಎಂದಿತು. ಆಗ ಬಂದದ್ದು ನೀರಿನ ಬ್ಯಾಟರಿ. ಒಂದು ಕಡೆ ಸತುವಿನ ತಗಡು, ಎದುರಿಗೆ ಮ್ಯಾಂಗನೀಸಿನ ಹಾಳೆ, ನಡುವೆ ಉಪ್ಪು ಕರಗಿದ ನೀರು. ಕಂಪನಿ ಅದಕ್ಕೊಂದು ಸಂಸ್ಕೃತದ ಹೆಸರಿಟ್ಟಿತು. ನೀರಿನ ಗಡಿಗೆಯಂತೆ ಅಡುಗೆಮನೆಯ ಮೂಲೆಯಲ್ಲಿ ತಣ್ಣಗೆ ಕೂರುತ್ತದೆಂದು ಜನ 'ಗಡಿಗಿ' ಎಂದರು. ಗೋಡೆಗೋಡೆಯ ಮೇಲೂ ಕಂಪನಿಯ ಮಾತು: ನೀರಿಗೆ ಬೆಂಕಿ ಹತ್ತುವುದಿಲ್ಲ.

ಆ ನೀರನ್ನು ಮಾಡಿದವಳು ನೀಲಾಂಬಿಕಾ. ಅದೇ ಅವಳ ಕೆಲಸ, ಅದಕ್ಕಾಗಿಯೇ ಅವಳು ಓದಿದ್ದು.

ಸತುವಿಗೂ ನೀರಿಗೂ ಮೊದಲಿನಿಂದ ಆಗಿಬರುವುದಿಲ್ಲ. ಬ್ಯಾಟರಿ ಕರೆಂಟು ಕೊಡುವಾಗ ಸತು ಕರಗಿ ನೀರಿಗಿಳಿಯುತ್ತದೆ. ಕರೆಂಟು ಉಣ್ಣುವಾಗ ಮರಳಿ ತಗಡಿನ ಮೇಲೆ ಬಂದು ಕೂರುತ್ತದೆ. ಕೂರುವಾಗ ಸುತ್ತ ನೀರು ಕೆಲಸವಿಲ್ಲದೆ ಅಲೆಯುತ್ತಿದ್ದರೆ ಅದು ಸತುವಿನ ಮೈ ಕೆರೆಯುತ್ತದೆ. ಆಗ ಹೈಡ್ರೋಜನ್ ಅನಿಲ ಹುಟ್ಟುತ್ತದೆ. ನೀಲಾಂಬಿಕಾ ಕಂಡುಕೊಂಡ ದಾರಿ ಸರಳವಾಗಿತ್ತು: ನೀರಿಗೆ ಬಿಡುವೇ ಕೊಡಬಾರದು. ಒಂದೊಂದು ಹನಿಗೂ ಉಪ್ಪಿನ ಕಣವನ್ನು ಹೊರುವ ಕೆಲಸ ಹಚ್ಚುವಷ್ಟು ಉಪ್ಪು ಸುರಿಯಬೇಕು. ಜೇನಿನಂತೆ ಮಂದವಾದ ಆ ದ್ರವದಲ್ಲಿ ಸತು ಎಂಟು ವರ್ಷ ಸುಖವಾಗಿ ಬಾಳಬಲ್ಲದು. ಅದಕ್ಕೆ ಮೇಲಿನಿಂದ ನೀರು ಸುರಿದರೆ ಮಾತ್ರ ಎಲ್ಲ ಕೆಟ್ಟೀತು. ಹೊಸದಾಗಿ ಬಂದ ನೀರೆಲ್ಲ ಖಾಲಿ ನೀರು.

ಅವಳ ಗಂಡ ಶಿವಯೋಗಿ ಸುರಿದ. ಚಿತ್ರಕಲೆಯ ಮಾಸ್ತರ, ಶಾಂತ ಮನುಷ್ಯ. ಹಳೆಯ ಇನ್ವರ್ಟರಿನ ಕಾಲದಿಂದ ಊರಿಗೆಲ್ಲ ಒಂದು ರೂಢಿಯಿತ್ತು. ಅಮಾವಾಸ್ಯೆಗೆ ಗಾಡಿ, ಹೊಲಿಗೆ ಯಂತ್ರ, ಅಂಗಡಿಯ ತಕ್ಕಡಿ ಎಲ್ಲಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆಯುವುದು, ಹಾಗೆಯೇ ಬ್ಯಾಟರಿಯ ಮುಚ್ಚಳ ತೆಗೆದು ಬಾಟಲಿ ನೀರು ಹಾಕುವುದು. ಅವನಪ್ಪ ಹಾಕುತ್ತಿದ್ದ, ಅವನೂ ಹಾಕಿದ. ಮುಚ್ಚಳ ಬಿಗಿಮಾಡಿದ. ಗಡಿಗಿ ಇಟ್ಟಿದ್ದ ಕಪಾಟಿನ ಬಾಗಿಲು ಹಾಕಿದ. ಸಂಜೆ, ಹೆಂಡತಿ ಬರುವ ಹೊತ್ತಾಯಿತೆಂದು ದೀಪ ಹಾಕಲು ಕಪಾಟಿನ ಮೈಗಿದ್ದ ಗುಂಡಿ ಒತ್ತಿದ.

ಗುಂಡಿಯ ಕಿಡಿ, ಪೆಟ್ಟಿಗೆಯಿಂದ ಸೋರಿ ಕಪಾಟಿನ ತುಂಬ ನಿಂತ ಅನಿಲ. ಉಳಿದದ್ದನ್ನು ಹೇಳುವುದು ಬೇಡ.

*

"ಊರ ಮಂದಿಗೆಲ್ಲಾ ನೀರ ಮಾಡಿ ಕೊಟ್ಟಿ. ನನ್ನ ಮಗಗ ಒಂದ ಮಾತ ಕೊಡಲಿಲ್ಲ."

ಅತ್ತೆ ಗುರುಸಿದ್ದವ್ವ ಇದನ್ನು ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು, ಲೆಕ್ಕ ಒಪ್ಪಿಸುವವಳ ದನಿಯಲ್ಲಿ. ಅಡುಗೆಮನೆ ಸುಟ್ಟದ್ದರಿಂದ ಪಡಸಾಲೆಯಲ್ಲೇ ಒಲೆ ಹೂಡಿದ್ದರು. ಮಗ ಹೋದ ಮೇಲೆ ಆ ಮನೆಯಲ್ಲಿ ಉಳಿದವರು ಅವರಿಬ್ಬರೇ.

"ಅದಕ್ಕ ಮುಚ್ಚಳಾನ ಇರಬಾರದಿತ್ತು ಅತ್ತಿ. ನಾ ಬರೆದ ನಕಾಶಿಯೊಳಗ ಮುಚ್ಚಳ ಇರಲಿಲ್ಲ."

"ಪೆಟ್ಟಿಗ್ಯಾಗ ಇತ್ತಲ್ಲ. ಬಾಯಿ ಕಂಡ್ರ ಮಂದಿ ನೀರ ಹಾಕ್ತಾರವಾ. ಕೂಸು ಬಾಯಿ ತಗದ್ರ ಹಾಲ ಹಾಕೂದಿಲ್ಲೇನ?"

ನೀಲಾಂಬಿಕಾ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. ಸದ್ದಿಗೆ ಇಬ್ಬರೂ ಬೆಚ್ಚಿದರು. ಅವಳು ಕೂಗಲು ಬಾಯಿ ತೆರೆದಳು, ಆದರೆ ಕೂಗಬೇಕಾದದ್ದು ಈ ಮುದುಕಿಯ ಮೇಲಲ್ಲ ಎಂಬುದು ಅಷ್ಟರಲ್ಲಿ ಹೊಳೆಯಿತು. ರೊಟ್ಟಿ ಮುಟ್ಟದೆ ಎದ್ದು ಲ್ಯಾಬಿಗೆ ಹೋದಳು.

ಮುಚ್ಚಳದ ಕತೆ ಹೀಗಿತ್ತು. ಪೆಟ್ಟಿಗೆ ಮಾರಾಟಕ್ಕೆ ಹೋಗುವ ಮೊದಲು ಕಂಪನಿಯವರು ಜನರ ಮನಸ್ಸು ತಿಳಿಯಲು ಓಣಿ ಓಣಿ ಸುತ್ತಿದ್ದರು. ಜನ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕ ಬಾಯಿನ ಇಲ್ಲಲ್ರಿ, ನೀರ ಎಲ್ಲಿ ಹಾಕೂದು?" ಎಂದು ಕೇಳಿದ್ದರು. ನಿರ್ದೇಶಕ ಜಯತೀರ್ಥ ಕಟಗೇರಿ ಒಂದೇ ವಾರದಲ್ಲಿ ಕೆಂಪು ಮುಚ್ಚಳವೊಂದನ್ನು ಕೂರಿಸಿದ್ದ. ನೀಲಾಂಬಿಕಾ ಜಗಳಕ್ಕೆ ಹೋದಾಗ ನಕ್ಕು, "ಬರೇ ತೋರಿಕಿಗೆ ಅದ ನೀಲಾಂಬಿಕಾ ಬಾಯಾರ. ಅಂಟ ಹಾಕಿ ಬಿಡತೀವಿ, ಬ್ರಹ್ಮ ಬಂದ್ರೂ ತಗೀಲಿಕ್ಕೆ ಆಗೂದಿಲ್ಲ" ಎಂದಿದ್ದ. ಅವಳು ನಂಬಿದ್ದಳು; ನೀರು ಹಾಕಬೇಡವೆಂದು ಗಂಡನಿಗೆ ಹೇಳುವ ಅಗತ್ಯವೇ ಅವಳಿಗೆ ಕಂಡಿರಲಿಲ್ಲ.

*

ಲ್ಯಾಬಿನಲ್ಲಿ ಫರ್ಜಾನಾ ಕಾಯುತ್ತಿದ್ದಳು. ಬ್ಯಾಟರಿಗಳನ್ನು ಬಗೆಬಗೆಯಾಗಿ ಹಿಂಸಿಸಿ ಪರೀಕ್ಷಿಸುವ ಎಂಜಿನಿಯರು ಆಕೆ. ಮಾತು ಜಾಸ್ತಿ, ಕೈಕೆಲಸ ಇನ್ನೂ ಜಾಸ್ತಿ. ಮೇಜಿನ ಮೇಲೆ ನಾಲ್ಕೈದು ಕೆಂಪು ಮುಚ್ಚಳಗಳನ್ನು ಅಂಗಾತ ಮಲಗಿಸಿದ್ದಳು.

"ಅಕ್ಕಾ, ನೋಡ ಇಲ್ಲಿ. ಅಂಟಿನ ಸುಳಿವ ಐತೇನು?"

ಇರಲಿಲ್ಲ. ಮುಚ್ಚಳದ ತಿರುಪಿನ ಎಳೆಗಳು ಹೊಸದಾಗಿ ಹೊಳೆಯುತ್ತಿದ್ದವು.

"ಹ್ವಾದ ವರ್ಷದಿಂದ ಅಂಟ ಹಾಕೂದ ನಿಲ್ಲಿಸ್ಯಾರ. ಮುಚ್ಚಳ ತಗೀಲಿಕ್ಕೆ ಬರವಲ್ದು ಅಂತ ಗಿರಾಕಿ ದಿನಾ ಫೋನ್ ಹಚ್ಚಿ ಬೈತಿದ್ರಂತ. ಬೈಸ್ಕೊಂಡ ಬೈಸ್ಕೊಂಡ ಸಾಕಾತು, ಬಿಡ್ರಿ ಅತ್ಲಾಗ, ಅಂದ್ರಂತ ಕಟಗೇರಿ ಸಾಹೇಬ್ರು. ಮಷಿನ್ ಮ್ಯಾಲಿನ ಹುಡುಗರು ಅವರ ಬಾಯಿಲೆನ ಕೇಳ್ಯಾರ."

ನೀಲಾಂಬಿಕಾ ಒಂದು ಮುಚ್ಚಳವನ್ನು ಎತ್ತಿಕೊಂಡಳು. ತಿರುಗಿಸಿ ಪೆಟ್ಟಿಗೆಗೆ ಹಾಕಿದಳು, ತೆಗೆದಳು. ಹಾಕಿದಳು, ತೆಗೆದಳು. ಎರಡು ಬೆರಳು ಸಾಕಾಗುತ್ತಿತ್ತು.

"ಎಷ್ಟ ಮನ್ಯಾಗ ಅದಾವ ಇಂಥವು?"

"ನಲವತ್ತ ಸಾವಿರ. ಚಳಿಗಾಲದಿಂದ ಇತ್ಲಾಗ ಮಾರಿದ್ದು. ಹೆಚ್ಚಿನ ಮಂದಿ ಗಡಿಗಿ ಹೊಸಾದು, ಇನ್ನಾ ನೀರ ಬೇಡಿಲ್ಲ ಅಂತ ಸುಮ್ಮನದಾರ. ಆದ್ರ ಮಣ್ಣೆತ್ತಿನ ಅಮಾಸಿ ಬರಲಿಕ್ಕತ್ತೈತಲ್ಲ." ಫರ್ಜಾನಾ ದನಿ ತಗ್ಗಿಸಿದಳು. "ಅವತ್ತ ಯಾರ ಬಿಡ್ತಾರಕ್ಕಾ? ಮಣ್ಣಿನ ಎತ್ತಿಗೂ ನೈವೇದ್ಯ ಹಿಡಿಯೂ ಮಂದಿ, ಗಡಿಗಿಗೆ ನೀರ ಹಾಕದ ಬಿಡ್ತಾರೇನ?"

ಅಮಾವಾಸ್ಯೆಗೆ ಮೂರು ವಾರವಿತ್ತು.

ಅಂದಿನಿಂದ ನೀಲಾಂಬಿಕಾ ಬೇರೆಯದೇ ರೀತಿಯಲ್ಲಿ ಕೆಲಸ ಮಾಡಿದಳು. ಜನರು ತನ್ನ ದ್ರವಕ್ಕೆ ತಕ್ಕಂತೆ ನಡೆಯಬೇಕು ಎಂಬ ರಸಾಯನಶಾಸ್ತ್ರ ಅವಳಿಗೆ ಹೇಸಿಗೆಯಾಗಿತ್ತು. ಈಗ ನಿಯಮ ಒಂದೇ. ಪೆಟ್ಟಿಗೆಗೆ ಶಿವಯೋಗಿ ಸುರಿದಷ್ಟೇ ನೀರು ಸುರಿಯುವುದು. ಅವನಂತೆಯೇ ಮುಚ್ಚಳ ಬಿಗಿಯುವುದು. ಕಪಾಟು ಮುಚ್ಚುವುದು. ಅದಾದ ಮೇಲೂ ಅನಿಲ ಹುಟ್ಟಕೂಡದು.

ಲ್ಯಾಬಿನ ಹಿತ್ತಲಿನ ಮರಳಿನ ಗುಂಡಿಯಲ್ಲಿ ಪೆಟ್ಟಿಗೆಗಳು ಒಂದರ ಹಿಂದೊಂದು ಉಬ್ಬಿದವು. ಯೂರಿಯಾ ಬೆರೆಸಿದ್ದು ಉಬ್ಬಿತು. ಗ್ಲಿಸರಿನ್ ಬೆರೆಸಿದ್ದು ಸ್ವಲ್ಪ ತಡವಾಗಿ ಉಬ್ಬಿತು. ಒಂದು ಪೆಟ್ಟಿಗೆಯ ಹಿಡಿಕೆ ಕಿತ್ತು ಗೋಡೆಗೆ ಹಾರಿತು. ಪ್ರತಿ ಸಲವೂ ಫರ್ಜಾನಾ "ಹ್ವಾತ" ಎನ್ನುತ್ತಿದ್ದಳು. ನೀಲಾಂಬಿಕಾ ಮುಂದಿನ ಪೆಟ್ಟಿಗೆಗೆ ಕೈ ಹಾಕುತ್ತಿದ್ದಳು. ಅವಳು ಕೈಗವಸು ಬಿಸಾಡಿದ್ದು ಒಂದೇ ಸಲ. ಅದು ಕಂಪನಿಯ ಜಾಹೀರಾತಿನ ಫಲಕಕ್ಕೆ ತಗುಲಿತು.

ದಾರಿ ಸಿಕ್ಕಿದ್ದು ನೀರಿನ ಕಡೆ ನೋಡುವುದನ್ನು ಬಿಟ್ಟಾಗ. ಇಷ್ಟು ದಿನ ಅವಳು ನೀರನ್ನು ಕಟ್ಟಿಹಾಕಲು ನೋಡುತ್ತಿದ್ದಳು. ಸುರಿಯುವವರು ಸುರಿಯುತ್ತಲೇ ಇದ್ದರೆ ಎಷ್ಟೆಂದು ಕಟ್ಟುವುದು? ಕಾಯಬೇಕಾದದ್ದು ಸತುವನ್ನು. ಒಂದು ಉದ್ದನೆಯ ಅಣುವನ್ನು ಚಿಟಿಕೆಯಷ್ಟು ಬೆರೆಸಿದಳು. ಅದರ ಒಂದು ತುದಿ ಸತುವನ್ನು ಕಚ್ಚಿ ಹಿಡಿಯುತ್ತದೆ. ಇನ್ನೊಂದು ತುದಿಗೆ ನೀರು ಕಂಡರಾಗದು. ಕುರಿ ಕಾಯುವವರು ಮಳೆಯಲ್ಲಿ ಕಂಬಳಿಯ ಕೊಪ್ಪೆ ಹೊದ್ದು ನಿಲ್ಲುತ್ತಾರಲ್ಲ, ಹಾಗೆ ಸತು ಕೊಪ್ಪೆ ಹೊದ್ದಿತು. ಹೊರಗೆ ಎಷ್ಟು ನೀರು ಬಿದ್ದರೂ ಮೈಗೆ ತಾಕಲಿಲ್ಲ.

ಮರಳಿನ ಗುಂಡಿಯಲ್ಲಿ ಪೆಟ್ಟಿಗೆ ಸುಮ್ಮನೆ ಕೂತಿತ್ತು. ಇನ್ನೊಂದು ಇಟ್ಟರು, ಅದೂ ಸುಮ್ಮನೆ ಕೂತಿತು. ಸಾಲಾಗಿ ಇಟ್ಟರು. ಫರ್ಜಾನಾ ಕಿಡಿ ಹಾರಿಸಿ ಹಾರಿಸಿ ಬೇಸತ್ತಳು.

"ಏನಕ್ಕಾ ಇವು, ಮಠದ ಸ್ವಾಮಿಗಳಂಗ ಕುಂತಾವ!"

ಒಂದು ದೋಷವಿತ್ತು. ಕೊಪ್ಪೆಯೊಳಗೆ ನುಸುಳಿ ಹೋಗಿ ಕೂರಲು ಕರಗಿ ಮರಳಿ ಬರುವ ಸತುವಿಗೂ ಕಷ್ಟ. ಪೆಟ್ಟಿಗೆ ಮೊದಲಿನ ಮುಕ್ಕಾಲು ಪಾಲು ಕರೆಂಟು ಮಾತ್ರ ಹಿಡಿಯುತ್ತಿತ್ತು. ಬೇಸಿಗೆಯ ರಾತ್ರಿ ಬೆಳಕು ಹರಿಯುವ ಮೊದಲೇ ಫ್ಯಾನು ನಿಲ್ಲುತ್ತದೆ.

*

"ಮುಕ್ಕಾಲು?" ಕಟಗೇರಿ ಕನ್ನಡಕ ತೆಗೆದು ಒರೆಸಿದ. "ನಸಿಕಿನ್ಯಾಗ ಫ್ಯಾನ್ ನಿಂತ್ರ ಯಾರ ತಗೋತಾರ್ರಿ ಇದನ್ನ? ಇರಲಿ, ಮುಂದಿನ ವರ್ಷದ ಮಾಡೆಲ್ಲಿಗೆ ನೋಡೋಣ."

"ಹೊಸಾದ ಬ್ಯಾಡ ಅಂದ್ರ ಬ್ಯಾಡ ಸರ್. ನೀರ ಹಾಕಬ್ಯಾಡ್ರಿ ಅಂತ ಊರಾಗ ಗಾಡಿ ಬಿಡ್ರಿ. ಅಮಾಸಿ ಮುಂದ ಬಂತು."

"ಹಂಗ ಸಾರಿದ್ವಿ ಅಂದ್ರ ಏನಾತು? ನಮ್ಮ ಪೆಟ್ಟಿಗಿ ಸಿಡೀತದ ಅಂತ ನಾವ ಡಂಗುರಾ ಹೊಡದಂಗಾತು." ಅವನು ದನಿಯನ್ನು ಮೆತ್ತಗೆ ಮಾಡಿಕೊಂಡ. "ನೋಡ್ರಿ ಬಾಯಾರ, ನಿಮ್ಮ ದುಃಖ ನನಗ ಗೊತ್ತದ. ಆದ್ರ ಒಂದ ಮನಿ. ಉಳಿದವ್ರಿಗೆ ಏನೂ ಆಗಿಲ್ಲ. ಶನಿವಾರ ಪತ್ರಿಕೆಯವ್ರನ್ನ, ವಿದ್ಯುತ್ ಇಲಾಖೆಯವ್ರನ್ನ ಕರ್ದೇವಿ. ನೀವ ಬಾಜೂಕ ಕೂತು ಒಂದ ಮಾತ ಹೇಳಿಬಿಡ್ರಿ, ಪೆಟ್ಟಿಗ್ಯಾಗ ದೋಷ ಇಲ್ಲ, ಬಳಸೂದ್ರಾಗ ತಪ್ಪಾತು ಅಂತ. ಗಂಡನ್ನ ಕಳಕೊಂಡಾಕಿನ ಹಂಗ ಅಂದ್ಲು ಅಂದ್ರ ಮುಗೀತು, ಯಾರೂ ಪ್ರಶ್ನೆ ಎತ್ತೂದಿಲ್ಲ."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಅವಳು ಕೇಳಿದ್ದಳು. ತಳ್ಳಿದ ಮೇಲೆ ಹೆಣದ ಕೈಯಿಂದಲೇ ಒಪ್ಪಿಗೆ ಪಡೆಯುವವನನ್ನು ನೋಡಿದ್ದು ಇದೇ ಮೊದಲು. ಸತ್ತವನು ಬಂದು ಎದುರು ಕೂತು, "ನೀಲಾ, ನಂದ ತಪ್ಪೇನ?" ಎಂದು ಕೇಳಿದ ಹಾಗಾಯಿತು.

"ಬರ್ತೀನ್ರಿ ಸರ್ ಶನಿವಾರ," ಎಂದಳು.

"ಶ್ಯಾಣ್ಯಾರಿದ್ದೀರಿ," ಎಂದ ಕಟಗೇರಿ.

*

ಶುಕ್ರವಾರ ಬೆಳಿಗ್ಗೆ ಅವಳೂ ಫರ್ಜಾನಾಳೂ ಅಂಗಡಿಯಲ್ಲಿ ಸಿಗುವಂಥದೇ ಒಂದು ಪೆಟ್ಟಿಗೆಯನ್ನು ತೊಳೆದು ಕೊಪ್ಪೆಯ ಹೊಸ ದ್ರವ ತುಂಬಿದರು. ಅದಕ್ಕೆ ಬಾಟಲಿ ನೀರು ಸುರಿದರು. ಮುಚ್ಚಳ ಬಿಗಿದರು. ದಿನವಿಡೀ ಬಿಸಿಲಿನ ಕರೆಂಟು ಉಣಿಸಿದರು. ಸಂಜೆ ಫರ್ಜಾನಾ ಅನಿಲದ ಅಳತೆ ನೋಡಿ ತಲೆಯಾಡಿಸಿದಳು. ಏನೂ ಇರಲಿಲ್ಲ.

"ಆದ್ರ ಅಕ್ಕಾ, ಸಾಹೇಬ್ರು ಸ್ವಿಚ್ ಒತ್ತೇಬಿಟ್ರ? ಲೈಟ್ ಹತ್ತತೈತಿ, ಅವರ ಮಾತ ಖರೇ ಆಗತೈತಿ."

"ಒತ್ತೂದಿಲ್ಲ," ಎಂದಳು ನೀಲಾಂಬಿಕಾ. "ಅವರಿಗೆ ಗೊತ್ತೈತಿ."

ಹೋಟೆಲಿನ ಸಭಾಂಗಣ ತಂಪಾಗಿತ್ತು. ಮುಂದಿನ ಸಾಲಿನಲ್ಲಿ ಇಲಾಖೆಯ ಅಧಿಕಾರಿಗಳು, ಹಿಂದೆ ಪತ್ರಿಕೆಯವರು, ಇನ್ನೂ ಹಿಂದೆ ಗೋಡಂಬಿ ತಟ್ಟೆಗಳು. ವೇದಿಕೆಯ ಮೇಜಿನ ಮೇಲೆ ಬಿಳಿ ಬಟ್ಟೆ ಮುಚ್ಚಿದ ಪೆಟ್ಟಿಗೆಯಿತ್ತು. ಪ್ರದರ್ಶನಕ್ಕೆ ತಂದದ್ದೆಂದು ಎಲ್ಲರೂ ತಿಳಿದರು. ಕಟಗೇರಿ ಕೊರಳಪಟ್ಟಿಗೆ ಮೈಕು ಸಿಕ್ಕಿಸಿಕೊಂಡು ಚೆನ್ನಾಗಿ ಮಾತಾಡಿದ.

ಒಬ್ಬ ವರದಿಗಾರ ಎದ್ದು, "ಜನ ಅಮಾಸಿಗೆ ನೀರ ಹಾಕ್ತಾರಲ್ಲ ಸರ್, ಅಪಾಯ ಇಲ್ಲೇನು?" ಎಂದು ಕೇಳಿದ.

"ಹಾಕಬಾರದು. ಆದ್ರ ಹಾಕಿದ್ರೂ ಅಂಥಾದ್ದೇನೂ ಆಗೂದಿಲ್ಲ. ನಮ್ಮ ಪೆಟ್ಟಿಗಿ ಗಟ್ಟಿ ಅದ. ಆ ಒಂದ ಘಟನಾ ಬಿಡ್ರಿ, ಅದು ದುರ್ದೈವ. ಈಗ ನಮ್ಮ ವಿಜ್ಞಾನಿ ನೀಲಾಂಬಿಕಾ ಅವರೇ ಮಾತಾಡ್ತಾರ."

ಅವಳು ಎದ್ದು ಬಟ್ಟೆ ಸರಿಸಿದಳು. ಪೆಟ್ಟಿಗೆಯ ಮುಖಕ್ಕೆ ಕುಂಕುಮವಿತ್ತು. ಪಕ್ಕದಲ್ಲಿ ಖಾಲಿ ಬಾಟಲಿ, ಒಂದು ಸಣ್ಣ ದೀಪ, ಅದರ ಗುಂಡಿ.

"ನಿನ್ನೆ ಮುಂಜಾನೆ ಇದಕ್ಕ ಒಂದ ಬಾಟ್ಲಿ ನೀರ ಹಾಕೇನಿ. ಮುಚ್ಚಳ ಬಿಗಿ ಮಾಡೇನಿ. ದಿನಾ ಪೂರ್ತಿ ಕರೆಂಟ್ ಉಣ್ಣಿಸೇನಿ. ನನ್ನ ಗಂಡ ಮಾಡಿದ್ದು ಇಷ್ಟ, ಇದಕಿಂತ ಒಂದ ಹನಿ ಹೆಚ್ಚಿಲ್ಲ." ಗುಂಡಿಯನ್ನು ಕಟಗೇರಿಯ ಕಡೆ ಸರಿಸಿದಳು. "ಲೈಟ್ ಹಚ್ರಿ ಸರ್."

ಕಟಗೇರಿ ನಕ್ಕ. ಸಭೆಯೂ ಸ್ವಲ್ಪ ನಕ್ಕಿತು. ಅವನು ಕೈ ಚಾಚಿದ. ಕೈ ಗುಂಡಿಯವರೆಗೆ ಹೋಗಲಿಲ್ಲ. ಮೇಜಿನ ಅಂಚಿನಲ್ಲಿ ನಿಂತಿತು, ಆಮೇಲೆ ಹಿಂದಕ್ಕೆ ಬಂದು ಕುರ್ಚಿಯ ಬೆನ್ನನ್ನು ಹಿಡಿಯಿತು.

"ಇದೇನ್ರಿ ನಾಟಕ? ಇದ್ಯಾವ ಜಾಗಾ ಅಂತ…"

"ಏನೂ ಆಗೂದಿಲ್ಲ ಅಂದ್ರಲ್ಲ ಈಗ."

"ನೀಲಾಂಬಿಕಾ, ಅದನ್ನ ತಗೀರಿ ಇಲ್ಲಿಂದ."

"ಹಚ್ರಿ ಸರ್. ನಲವತ್ತ ಸಾವಿರ ಮನಿಯವ್ರು ಅಮಾಸಿ ದಿನ ಹಚ್ಚೂದ ನೀವ ಇವತ್ತ ಹಚ್ರಿ."

ಅವಳು ಬೆರಳನ್ನು ಗುಂಡಿಯ ಮೇಲಿಟ್ಟಳು. ಕಟಗೇರಿ ಎರಡು ಹೆಜ್ಜೆ ಹಿಂದೆ ಸರಿದ. ಕುರ್ಚಿ ಉರುಳಿತು. "ಮುಟ್ಟಬ್ಯಾಡ! ಗ್ಯಾಸ್ ತುಂಬಿರತದ ಅದರಾಗ, ಸಿಡೀತದ! ಎಲ್ಲಾರೂ ಹೊರಗ ನಡೀರಿ!" ಎಂದು ಕಿರುಚಿದ. ಕೊರಳಪಟ್ಟಿಯ ಮೈಕು ಚಾಲೂ ಇತ್ತು. ಆ ಮಾತು ಸಭಾಂಗಣದ ನಾಲ್ಕೂ ಮೂಲೆಯಿಂದ ಕೇಳಿಸಿತು.

ಕುರ್ಚಿಗಳು ಸರಿದವು, ತಟ್ಟೆಗಳು ಬಿದ್ದವು. ಅಧಿಕಾರಿಗಳು ಬಾಗಿಲಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು. ನೀಲಾಂಬಿಕಾ ಗುಂಡಿ ಒತ್ತಿದಳು.

ದೀಪ ಹತ್ತಿತು, ಅಷ್ಟೇ. ಸಣ್ಣ ದೀಪ, ಆ ಝಗಮಗ ಸಭಾಂಗಣದಲ್ಲಿ ಅದು ಹತ್ತಿದ್ದು ಸರಿಯಾಗಿ ಕಾಣಲೂ ಇಲ್ಲ.

ಓಡುತ್ತಿದ್ದವರು ನಿಂತರು. "ಇದರಾಗ ಇರೂದು ಹೊಸ ದ್ರವ," ಎಂದಳು ಅವಳು. "ಇದಕ್ಕ ನೀರ ಹಾಕಿದ್ರೂ ನಡೀತೈತಿ. ನಿಮ್ಮ ನಿಮ್ಮ ಮನ್ಯಾಗ ಇರೂದು ಹಳೇದು. ಅದಕ್ಕ ಹಾಕಿದ್ರ ಏನಾಗತೈತಿ ಅನ್ನೂದು ಸಾಹೇಬ್ರ ಬಾಯಿಲೆ ಈಗ ಕೇಳಿದ್ರಿ." ಆಮೇಲೆ ಕಟಗೇರಿಯ ಕಡೆ ತಿರುಗಿದಳು. ಅವನು ಪರದೆಯ ಪಕ್ಕ ಗೋಡೆಗೆ ಆತು ನಿಂತಿದ್ದ.

"ನನ್ನ ಗಂಡಗ ಗೊತ್ತಿರಲಿಲ್ಲ. ನಿಮಗ ಗೊತ್ತಿತ್ತು."

*

ಅಂದು ಸಂಜೆಯಿಂದಲೇ ಓಣಿ ಓಣಿಯಲ್ಲಿ ಇಲಾಖೆಯ ಗಾಡಿಗಳು ಸಾರುತ್ತ ಬಂದವು. ಗಡಿಗಿಗೆ ಕುಂಕುಮ ಹಚ್ಚಿರಿ, ಕಾಯಿ ಒಡೆಯಿರಿ, ನೀರು ಮಾತ್ರ ಹಾಕಬೇಡಿರಿ. ಕಟಗೇರಿ ರಜೆಯ ಮೇಲೆ ಹೋದನೆಂದರು. ಕಂಪನಿ ನೀಲಾಂಬಿಕಾಳನ್ನು ಕೆಲಸದಿಂದ ತೆಗೆಯಿತು. ಹಳೆಯ ದ್ರವವನ್ನೆಲ್ಲ ಚೆಲ್ಲಿ ಹೊಸದನ್ನು ತುಂಬಬೇಕೆಂದು ಇಲಾಖೆ ಆಜ್ಞೆ ಮಾಡಿದಾಗ, ಅದನ್ನು ಮಾಡಬಲ್ಲವರು ಬೇರೆ ಯಾರೂ ಇಲ್ಲದೆ ಮತ್ತೆ ಕರೆಯಿತು. ಅವಳು ಹೋದಳು. ಯಾರ ಮುಖವನ್ನೂ ನೋಡಲಿಲ್ಲ, ಕೆಲಸ ಮಾಡಿದಳು.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಊರಿನಲ್ಲಿ ಯಾವ ಕಪಾಟೂ ಸಿಡಿಯಲಿಲ್ಲ. ಏನೂ ಆಗದ ದಿನ ಸುದ್ದಿಯಾಗುವುದಿಲ್ಲ. ಪತ್ರಿಕೆಯಲ್ಲಿ ಮಳೆಯ ಸುದ್ದಿಯಿತ್ತು.

ಅವಳು ಮನೆಗೆ ಬಂದಾಗ ಗುರುಸಿದ್ದವ್ವ ಮಣ್ಣಿನ ಎತ್ತುಗಳ ಮುಂದೆ ಕೂತು ಕಡಬಿನ ನೈವೇದ್ಯ ಎತ್ತಿಡುತ್ತಿದ್ದಳು. ಸೊಸೆಯ ಕಡೆ ತಿರುಗಲಿಲ್ಲ. ಕಡಬಿನ ತಟ್ಟೆಯೊಂದನ್ನು ಮಾತ್ರ ಅವಳ ಜಾಗಕ್ಕೆ ಸರಿಸಿದಳು.

"ಎದುರ ಮನಿ ಶಾಂತವ್ವ ಬಂದಿದ್ಲು. ನಮ್ಮ ಓಣಿಗೆ ಹೊಸಾ ನೀರ ತುಂಬಿದ ಮ್ಯಾಲ ನಸಿಕಿನ್ಯಾಗ ಫ್ಯಾನ್ ನಿಂದ್ರತಾವಂತ. ಶೆಕಿಗೆ ಎಲ್ಲಾರೂ ಎದ್ದ ಕುಂತ ನಿನಗ ಬೈಲಿಕ್ಕತ್ಯಾರಂತ."

ನೀಲಾಂಬಿಕಾ ಕಡಬು ಮುರಿದಳು. ಬಿಸಿಯಿತ್ತು.

"ಬೈಲಿ ಬಿಡ್ರಿ ಅತ್ತಿ," ಎಂದಳು. "ಬೈಲಿಕ್ಕೆ ಜೀವಂತ ಅದಾರಲ್ಲ."